ತುಟಿ ಕೂಡದ ಧಾರಾವಾಹಿ

ನಮ್ಮ ಅತ್ತೆಗೆ ಬಿಗುಮಾನ ಜಾಸ್ತಿ ಎಂದು ಒಂಬತ್ತು ವರ್ಷ ನಂಬಿಕೊಂಡಿದ್ದೆ. ಊಟಕ್ಕೆ ಬನ್ನಿ ಎಂದು ಅಡುಗೆಮನೆಯಿಂದ ಕೂಗಿದರೆ ಉತ್ತರವಿಲ್ಲ. ಬಟ್ಟೆ ಮಡಚುತ್ತಾ ಬೆನ್ನ ಹಿಂದಿನಿಂದ ಏನಾದರೂ ಕೇಳಿದರೆ ತಿರುಗಿಯೂ ನೋಡುವುದಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸುವುದು ನನ್ನ ಜಾಯಮಾನವಲ್ಲ. ಎರಡನೇ ವರ್ಷದ ಹೊತ್ತಿಗೆ ಮಾತು ಕಡಿಮೆ ಮಾಡಿದೆ. ಆಮೇಲೆ ತಟ್ಟೆ ಇಟ್ಟು ಬರುವುದಷ್ಟೇ. ಮಗ, ಅಂದರೆ ನನ್ನ ಗಂಡ, ಬಂದರೆ ಮಾತ್ರ ಅವರ ಮುಖ ಅರಳುತ್ತಿತ್ತು. ಅದನ್ನು ಕಂಡು ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಅತ್ತೆ ಬಟ್ಟೆ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ಮಗ್ಗ ನೋಡಿಕೊಂಡವರು. ಕಡಿದ ನೂಲನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟು ಹಾಕುತ್ತಿದ್ದರಂತೆ. ನಿವೃತ್ತಿಯ ನಂತರ ಟಿವಿಯೇ ಜೊತೆ. ದನಿ ಸಣ್ಣಗಿಟ್ಟು, ಪರದೆಗೆ ಒಂದೇ ಮಾರು ದೂರದಲ್ಲಿ ಕುರ್ಚಿ ಹಾಕಿ ಕೂರುವರು. ಕಿವಿ ಮಂದವಾದವರು ಟಿವಿ ಜೋರಾಗಿಡುತ್ತಾರೆ ಎಂದೇ ಎಲ್ಲರ ಎಣಿಕೆ. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

ಕಳೆದ ವರ್ಷ ಅವರ ಮೆಚ್ಚಿನ ಧಾರಾವಾಹಿ ಮುಗಿದು, ಅದೇ ಹೊತ್ತಿಗೆ ಇನ್ನೊಂದು ಶುರುವಾಯಿತು. ಬೇರೆ ಭಾಷೆಯಲ್ಲಿ ತೆಗೆದದ್ದಕ್ಕೆ ನಮ್ಮ ಮಾತು ಕೂಡಿಸಿದ್ದು. ತುಟಿ ಒಂದು ಕಡೆ, ಮಾತು ಒಂದು ಕಡೆ. ಮೂರನೇ ದಿನ ಅತ್ತೆ ರಿಮೋಟು ಬದಿಗಿಟ್ಟು ಸುಮ್ಮನೆ ಕುಳಿತಿದ್ದರು. ಕಣ್ಣಲ್ಲಿ ನೀರಿತ್ತು. ಎದುರಿಗೆ ಹೋಗಿ ಏನಾಯಿತೆಂದು ಕೇಳಿದೆ.

"ಈ ಜನ ಏನ್ ಹೇಳ್ತಾರೋ, ಒಂದು ಮಾತೂ ಸಿಗ್ತಿಲ್ಲ. ನನ್ನ ಬುದ್ಧಿನೇ ಕೆಡ್ತಾ ಇದೆಯೇನೋ," ಎಂದರು.

ನನಗೆ ಏನೋ ಹೊಳೆಯಿತು. ದನಿ ಹೊರಡಿಸದೆ, ಬರೀ ತುಟಿಯಲ್ಲಿ, ನೀರು ಬೇಕಾ ಎಂದೆ. ಬೇಡ, ಈಗಷ್ಟೇ ಕುಡಿದೆ ಎಂದರು. ಬೆನ್ನ ಹಿಂದೆ ಹೋಗಿ ಗಟ್ಟಿಯಾಗಿ ಕರೆದೆ. ಅವರು ಟಿವಿಯನ್ನೇ ನೋಡುತ್ತಿದ್ದರು. ನಾಚಿಕೆಯಿಂದ ಹಿಡಿಯಷ್ಟಾದೆ.

ಮಗ್ಗಗಳ ಗದ್ದಲದಲ್ಲಿ ಮಿಲ್ಲಿನ ಹೆಂಗಸರೆಲ್ಲ ತುಟಿ ನೋಡಿಯೇ ಹರಟುತ್ತಿದ್ದರಂತೆ. ಮೇಸ್ತ್ರಿಯ ಪಕ್ಕದಲ್ಲೇ ನಿಂತು ಮೇಸ್ತ್ರಿಯನ್ನು ಬೈಯುವ ಸುಖ ಬೇರೆ. ಕಿವಿ ಯಾವಾಗ ಕೈಕೊಟ್ಟಿತೋ ಅತ್ತೆಗೇ ತಿಳಿಯದು. ಗಂಡನನ್ನು ವಿಚಾರಿಸಿದರೆ, ಅಮ್ಮನ ಭುಜ ಮುಟ್ಟಿ ಎದುರು ನಿಂತು ಮಾತಾಡುವುದು ಚಿಕ್ಕಂದಿನ ರೂಢಿ, ಏಕೆಂದು ಯೋಚಿಸಿಲ್ಲ ಎಂದರು. ಪುಣ್ಯಾತ್ಮ, ಆ ರೂಢಿಯನ್ನು ನನಗೂ ಒಂದು ಮಾತು ಹೇಳಬಾರದಿತ್ತೇ?

ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ಶ್ರವಣಯಂತ್ರಕ್ಕೆ ಅಳತೆ ತೆಗೆದುಕೊಂಡರು. ಅದು ಬರುವವರೆಗೆ ಟಿವಿಗೊಂದು ದಾರಿ ನಾನೇ ಹುಡುಕಿದೆ. ಮೊದಲು ದನಿ ಏರಿಸಿದೆ. ಗದ್ದಲ ಹೆಚ್ಚಾಯಿತು, ಮಾತು ಹೆಚ್ಚಾಗಲಿಲ್ಲ ಎಂದರು. ನೋಡಿದರೆ ಟಿವಿಯ ಸ್ಪೀಕರು ಹಿಂಬದಿಗಿದೆ. ಇಷ್ಟು ದಿನ ಗೋಡೆಗೆ ಕಥೆ ಹೇಳುತ್ತಿತ್ತು. ಪುಟ್ಟ ಸ್ಪೀಕರೊಂದನ್ನು ತಂದು, ಕುರ್ಚಿಯ ಪಕ್ಕ ಎತ್ತರದ ಸ್ಟೂಲಿನ ಮೇಲೆ ಅವರ ಕಿವಿಯ ಮಟ್ಟಕ್ಕಿಟ್ಟೆ. ಗುಂಯ್‌ಗುಡುವ ಬೇಸ್ ಇಳಿಸಿ, ಮಾತು ಸ್ಪಷ್ಟವಾಗುವ ಸೆಟ್ಟಿಂಗ್ ಹಾಕಿದೆ. ಫ್ಯಾನ್ ಆರಿಸಿ, ಬೀದಿಯ ಕಡೆಯ ಕಿಟಕಿ ಮುಚ್ಚಿದೆ. ಕೇಳಿಸಿತಾ ಎಂದರೆ ಹೂಂ ಎನ್ನುವ ಚಾಳಿ ಅವರಿಗೆ. ಅದಕ್ಕೇ ಕಣ್ಣು ಮುಚ್ಚಿಸಿ, ಏನು ಕೇಳಿಸಿತು ಹೇಳಿ ಎಂದು ಪರೀಕ್ಷೆಗೆ ಕೂರಿಸಿದೆ. ಮೂರು ಸಲ ನಪಾಸು. ನಾಲ್ಕನೆಯ ಸಲ ನಾಯಕಿಯ ಮಾತನ್ನು ಅಕ್ಷರ ತಪ್ಪದೆ ಒಪ್ಪಿಸಿದರು. ಇಷ್ಟು ಚೆಂದದ ಮುಖಕ್ಕೆ ಇಂಥ ಕೀರಲು ದನಿಯೇ ಎಂದು ಬೇಸರವನ್ನೂ ಪಟ್ಟರು.

ಇಬ್ಬರೂ ನಕ್ಕೆವು. ಆ ನಗುವಿನ ಧೈರ್ಯದಲ್ಲೇ ಎದುರು ಬಂದು, ತುಟಿ ಕಾಣುವ ಹಾಗೆ ನಿಂತು, ತಪ್ಪೊಪ್ಪಿಕೊಂಡೆ.

"ನಿಮಗೆ ಅಹಂಕಾರ ಅಂದ್ಕೊಂಡಿದ್ದೆ, ಅತ್ತೆ. ಎಷ್ಟು ಕರೆದ್ರೂ ಓಗೊಡಲ್ಲ ಅಂತ."

ಅತ್ತೆ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದರು.

"ಕರೀತಿದ್ಯಾ?" ಎಂದರು. "ಈ ಹುಡುಗಿ ನನ್ನ ಜೊತೆ ಮಾತೇ ಆಡಲ್ಲ, ನಾನೇನು ತಪ್ಪು ಮಾಡಿದೆ ಅಂತ ಒಂಬತ್ತು ವರ್ಷ ಯೋಚನೆ ಮಾಡಿದೀನಿ ಕಣಮ್ಮ."

ನಾನು ಟಿವಿ ಆರಿಸಿದೆ. ಸ್ಪೀಕರನ್ನು ನೆಲಕ್ಕಿಳಿಸಿ, ಆ ಸ್ಟೂಲನ್ನು ಅವರೆದುರಿಗೆ ಎಳೆದುಕೊಂಡು ಕುಳಿತೆ.