ಜಾಡಿಯ ಗುಳ್ಳೆ ನಿಂತ ಮೂರು ದಿನ

ಸುಮ್ಮನೆ ಕೂರುವುದು ನನಗೆ ಬಾರದ ವಿದ್ಯೆ. ಒಲೆಯ ಮೇಲಿನ ಅನ್ನ ಬೇಯುವಷ್ಟರಲ್ಲಿ ನಾಲ್ಕು ಸಲ ಮುಚ್ಚಳ ತೆಗೆದು ನೋಡುತ್ತೇನೆ. ನೆಟ್ಟ ಗುಲಾಬಿ ಕಡ್ಡಿ ಬೇರು ಬಿಟ್ಟಿದೆಯೋ ಇಲ್ಲವೋ ಎಂದು ಕಿತ್ತು ನೋಡಿದವಳು ನಾನು. ಹಾಗಾಗಿ ಜೀವ ಇರುವ ಯಾವುದನ್ನೂ ಮನೆಯವರು ನನ್ನ ವಶಕ್ಕೆ ಬಿಡುವುದಿಲ್ಲ. ತುಮಕೂರಿನಲ್ಲಿ ಕೆಲಸದಲ್ಲಿರುವ ತಂಗಿ, ಎರಡು ತಿಂಗಳ ತರಬೇತಿಗೆ ಹೊರಟವಳು, ತನ್ನ ಸಮುದ್ರದ ಜಾಡಿಯನ್ನು ತಂದು ಹೊನ್ನವಳ್ಳಿಯ ನಮ್ಮ ಮನೆಯಲ್ಲಿ ಇಳಿಸಿದಾಗ ನನಗೇ ನಂಬಿಕೆ ಬರಲಿಲ್ಲ.

"ನಿನ್ ಕೈಗೇ ಕೊಡ್ತಾ ಇದೀನಿ ಕಣಕ್ಕ. ಬೇರೆ ಯಾರತ್ರಾನೂ ಬಿಡಕ್ಕೆ ನಂಗೆ ಧೈರ್ಯ ಇಲ್ಲ," ಅಂದಳು. ಆ ಒಂದು ಮಾತಿಗೆ ನಾನು ಪೂರಿಯ ಹಾಗೆ ಉಬ್ಬಿಹೋದೆ.

ನಾಲ್ಕು ಲೀಟರು ಹಿಡಿಯುವ ಗಾಜಿನ ಜಾಡಿ. ಒಳಗೆ ಉಪ್ಪುನೀರು, ಒಂದು ಕಲ್ಲು, ಕಲ್ಲಿಗೆ ಅಂಟಿದ ಅಂಗಿ ಗುಂಡಿಯಷ್ಟಗಲದ ಹಸಿರು ಹವಳಗಳು, ಕೆಂಪು ಪಟ್ಟೆಯ ಒಂದೇ ಒಂದು ಸಿಗಡಿ. ಹೊರಗೆ ಒಂದು ಪುಟ್ಟ ಏರ್ ಪಂಪು. ಅದರಿಂದ ಒಂದು ಗಟ್ಟಿ ಕೊಳವೆ ತಳದವರೆಗೆ ಇಳಿದಿತ್ತು. ಅದರ ಬಾಯಿಂದ ದಪ್ಪ ದಪ್ಪ ಗುಳ್ಳೆಗಳು ಒಂದೊಂದಾಗಿ ಮೇಲೇಳುತ್ತಿದ್ದವು. ಏಳುವ ಗುಳ್ಳೆ ನೀರನ್ನೂ ಮೇಲಕ್ಕೆ ಎಳೆದುಕೊಂಡು ಬರುತ್ತದೆ, ಬಂದ ನೀರು ಆಚೆ ಬದಿಯಿಂದ ಕೆಳಗಿಳಿಯುತ್ತದೆ. ಆ ಜಾಡಿಯ ಅಲೆ, ಉಬ್ಬರ, ಉಸಿರು ಎಲ್ಲ ಅಷ್ಟೇ. ನೀರು ಆರಿದಷ್ಟು ಬರೀ ಫಿಲ್ಟರ್ ನೀರನ್ನು ಗುರುತಿನ ತನಕ ತುಂಬಬೇಕು, ಪಂಪು ನಿಲ್ಲಿಸಬಾರದು, ಕೈ ಹಾಕಬಾರದು. ಮೂರನೆಯದನ್ನು ತಂಗಿ ಎರಡು ಸಲ ಹೇಳಿದಳು.

ಅತ್ತೆ ಬಂದು ಬಗ್ಗಿ ನೋಡಿದರು. "ಏನೇ ಇದು? ಲಿಂಗ ಕಟ್ಟಿರೋರ ಮನೇಲಿ ಸಿಗಡಿ! ಸಾಕೋಕೋ, ಸಾರಿಗೋ?" ಅಂದರು. ಮಾರನೆಯ ದಿನದಿಂದ ಅವರೇ ಮಣೆ ಹಾಕಿಕೊಂಡು ಅದರ ಮುಂದೆ ಕೂತು ಹೂಬತ್ತಿ ಹೊಸೆಯತೊಡಗಿದರು.

ನಾನು ಒಂದು ವಾರ ತಡೆದುಕೊಂಡೆ. ಆಮೇಲೆ, ಗುಳ್ಳೆ ಇಷ್ಟು ಕಮ್ಮಿಯಾದರೆ ಹೇಗೆ ಎಂದು ತಿಪಟೂರಿಗೆ ಹೋಗಿ, ಬಣ್ಣದ ಮೀನು ಮಾರುವ ಅಂಗಡಿಯಿಂದ ನೊರೆ ನೊರೆಯಾಗಿ ಗಾಳಿ ಬಿಡುವ ಕಲ್ಲು ತಂದು ಕೊಳವೆಯ ತುದಿಗೆ ಸಿಕ್ಕಿಸಿದೆ. ಜಾಡಿ ಸೋಡಾ ಬಾಟಲಿಯಾಯಿತು. ಎರಡೇ ದಿನಕ್ಕೆ ಮುಚ್ಚಳ, ವೈರು, ಪಕ್ಕದ ಗೋಡೆ ಎಲ್ಲ ಬೆಳ್ಳಗೆ ಉಪ್ಪು ಕಟ್ಟಿತು. ಒಳಗೆ ನೀರಿನ ಓಟವೇ ಸಾಲದೆ ಹವಳಗಳ ಮೇಲೆ ಕಸ ಕೂತಿತು. ಇರಲಾರದೆ ಇರುವೆ ಬಿಟ್ಟುಕೊಂಡಿದ್ದೆ. ಆ ಗಾಳಿ ಕಲ್ಲನ್ನು ಕಿತ್ತು ಬಿಸಾಡಿದೆ.

ಅಷ್ಟಕ್ಕೆ ನಿಂತೆನೇ? ಕರೆಂಟು ಹೋದರೆ ಪಂಪು ನಿಲ್ಲುತ್ತದಲ್ಲ ಎಂಬ ಚಿಂತೆ ಹತ್ತಿತು. ಯುಪಿಎಸ್ ಲೈನ್ ಇದ್ದದ್ದು ಅಟ್ಟದ ಕೆಳಗಿನ ಕೋಣೆಗೆ ಮಾತ್ರ. ಜಾಡಿಯನ್ನು ಅಲ್ಲಿಗೆ ಸಾಗಿಸಿದೆ. ಆ ಅಟ್ಟದ ಮೇಲೆ ವರ್ಷವಿಡೀ ಕಾಯಿ ಒಣಗಿ ಕೊಬ್ಬರಿಯಾಗುತ್ತದೆ. ಆ ಭಾನುವಾರ ಬಿಡದ ಜಡಿಮಳೆ. ಕಾಯಿಗೆ ಬೂಷ್ಟು ಹಿಡಿದೀತೆಂದು ನನ್ನವರು ಎಂದಿನಂತೆ ಆ ಕೋಣೆಯಲ್ಲೇ ಕಾಯಿ ಸಿಪ್ಪೆಯ ಹೊಗೆ ಹಾಕಿದರು. ಜಾಡಿಗೆ ಮುಚ್ಚಳ ಇದೆಯಲ್ಲ ಅಂದುಕೊಂಡೆವು. ಪಂಪು ಹೊಗೆಯನ್ನೇ ಎಳೆದು ನೀರಿಗೆ ಊದುತ್ತದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ನೀರಿನ ಮೇಲೆ ಎಣ್ಣೆಯಂಥ ಪೊರೆ ಇತ್ತು, ಮೂಗಿಗೆ ಹೊಗೆ ವಾಸನೆ ಹೊಡೆಯಿತು. ಹವಳಗಳು ಮುಚ್ಚಿಕೊಂಡಿದ್ದವು. ತಳದಲ್ಲಿ ಸಿಗಡಿ ಮಗುಚಿ ಬಿದ್ದಿತ್ತು. ಮೈ ಬಿಳಿಚಿಕೊಂಡು ಆಚೆ ಬದಿಯ ಬೆಳಕು ಕಾಣುವಷ್ಟು ತೆಳ್ಳಗಾಗಿತ್ತು. ಚಮಚದಲ್ಲಿ ಎತ್ತಿ ಹಿತ್ತಲಿನ ತೆಂಗಿನ ಬುಡದಲ್ಲಿ ಹೂತೆ.

"ಒಂದು ಮಾತು ನಿನ್ ತಂಗಿಗೆ ಹೇಳ್ಬುಡು ಕಣೇ," ಅಂದರು ನನ್ನವರು.

"ಹೇಳ್ತೀನಿ ಬುಡಿ," ಎಂದು ಅವರ ಮೇಲೆಯೇ ಹರಿಹಾಯ್ದೆ. ಸಂಜೆ ತಂಗಿಯ ಫೋನು ಬಂತು. "ಹೆಂಗೈತಕ್ಕ ನನ್ ಸಿಗಡಿ?" ಅಂದಳು. "ಚೆನ್ನಾಗೈತೆ," ಅಂದೆ. ಬಾಯಿ ತಾನಾಗಿ ಹೇಳಿಬಿಟ್ಟಿತು. ಫೋನಿಟ್ಟು ಒಳಗೆ ಹೋದರೆ ಆ ಗುಳ್ಳೆಯ ಬುಳುಬುಳು ಸದ್ದು ನನ್ನನ್ನೇ ಹಂಗಿಸಿದಂತಾಯಿತು. ಸತ್ತದ್ದಕ್ಕೆ ಗಾಳಿ ಯಾಕೆ ಎಂದು ಪಂಪು ಆರಿಸಿ, ಜಾಡಿಯ ಮೇಲೆ ಟವೆಲು ಹೊದಿಸಿದೆ.

ಮಂಗಳವಾರ, ಬುಧವಾರ ಇದೇ ಸುಳ್ಳು. ಊಟ ಸೇರಲಿಲ್ಲ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದೆ. ಗುರುವಾರ ಬೆಳಿಗ್ಗೆ ತಂಗಿ ವಿಡಿಯೋ ಕಾಲ್ ಮಾಡಿ, "ತೋರ್ಸಕ್ಕ ಒಂದ್ಸಲ," ಅಂದಾಗ ಅಳು ಒತ್ತಿಬಂತು. ಹೊಗೆ ಹಾಕಿದ್ದು, ಬಿಳಿಚಿಕೊಂಡಿದ್ದು, ಹೂತಿದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

ಅವಳು ಬೈಯಲಿಲ್ಲ. "ಒಳಗೆ ಟೊಳ್ಳಿತ್ತಾ?" ಎಂದು ಕೇಳಿದಳು.

"ಹ್ಞೂಂ."

"ಅಯ್ಯೋ, ಅದು ಬರೀ ಮೇಲಿನ ಚಿಪ್ಪು ಕಣಕ್ಕ! ಬೆಳೆಯೋವಾಗ ಹಾವು ಪೊರೆ ಬಿಟ್ಟಂಗೆ ಬಿಡ್ತದೆ. ಹೊಸ ಮೈ ಗಟ್ಟಿಯಾಗೋಗಂಟ ಕಲ್ಲಿನ ಸಂದೀಲಿ ಅವಿತ್ಕಂಡಿರ್ತದೆ. ಹೋಗಿ ನೋಡು. ಪಂಪು ನಡೀತಾ ಐತೆ ತಾನೆ?"

ಓಡಿ ಟವೆಲು ಎಳೆದೆ. ನೀರು ಮಸುಕಾಗಿ ನಾರುತ್ತಿತ್ತು. ನೀರಿನ ಮಟ್ಟಕ್ಕೆ ಹತ್ತಿರ, ಕಲ್ಲಿನ ತುದಿಯಲ್ಲಿ ಸಿಗಡಿ ಒರಗಿಕೊಂಡಿತ್ತು. ಈ ಸಲ ಮೈ ತುಂಬಿತ್ತು, ಪಟ್ಟೆಗಳು ಹೊಸದಾಗಿ ಕೆಂಪಗಿದ್ದವು. ಚಮಚದಿಂದ ಮುಟ್ಟಿದರೆ ಅಲುಗಲಿಲ್ಲ. ಗಾಳಿ ಹುಡುಕಿಕೊಂಡು ಅಷ್ಟು ಮೇಲಕ್ಕೆ ಹತ್ತಿ ಬಂದಿತ್ತು.

"ಪಂಪು ಯಾವಾಗ ಆರ್ಸಿದ್ದು?" ಎಂದಳು ತಂಗಿ.

"ಸೋಮವಾರ ಸಂಜೆ. ನಿನ್ ಫೋನ್ ಇಟ್ಟ ಮೇಲೆ."

"ಅವತ್ತು ಹೆಂಗೈತೆ ಅಂತ ನಾನು ಕೇಳಿದ್ದೆ ಅಲ್ವೇನಕ್ಕ," ಮೆಲ್ಲಗೆ ಅಂದಳು.