ಗಾಜಿಗೆ ಸುಣ್ಣದ ಕಾಟು

ಗಾಜು ಒರೆಸುವವನು ಬೆಳಗ್ಗೆ ಬಂದವನೇ ಮೇಲೆ ನೋಡಬೇಕು. ಹಣಮಂತ ನೆಲ ನೋಡುತ್ತಾನೆ. ವೈಟ್‌ಫೀಲ್ಡ್‌ನ ಹತ್ತಂತಸ್ತಿನ ಗಾಜಿನ ಕಟ್ಟಡ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಗ್ಗದ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಪೂರ್ವದ ಗೋಡೆಯ ಬುಡದಲ್ಲಿ, ಕುಂಡಗಳ ಹಿಂದೆ, ಕ್ರೋಟನ್ ಗಿಡಗಳ ಸಂದಿಯಲ್ಲಿ ಬಗ್ಗಿ ಬಗ್ಗಿ ಹುಡುಕುತ್ತಾನೆ. ಏನೂ ಸಿಗದಿದ್ದರೆ ಅವನಿಗೆ ಸಮಾಧಾನ. ಇವತ್ತು ಏನೂ ಸಿಕ್ಕಿಲ್ಲ.

"ಅದಕ್ಕೂ ಬೈಸ್ಕೊಬೇಕ್ರಿ ಸರ" ಎಂದು, ಅವನ ಬಗ್ಗೆ ಬರೆಯಲು ಬಂದಿರುವ ನನಗೆ ಹೇಳುತ್ತಾನೆ. "ನಿನ್ನೆ ಒಬ್ರು ಇಷ್ಟುದ್ದ ಕ್ಯಾಮೆರಾ ಹಿಡ್ಕೊಂಡ ಗೇಟಿಗೆ ಬಂದಿದ್ರು. ಹೋದ ವರ್ಷ ಇಲ್ಲೇ ಸಿಕ್ಕಿತ್ತಲ್ಲ, ಈ ವರ್ಷ ಯಾಕ ಬಿದ್ದಿಲ್ಲ ಅಂತ ಕೇಳ್ತಾರ. ಏನ್ ಹೇಳ್ಬೇಕ್ರಿ ಇಂಥವರಿಗೆ?"

ಅವರು ಕೇಳಿದ್ದು ನವರಂಗದ ಬಗ್ಗೆ. ಹಸಿರು ಬೆನ್ನು, ರೆಕ್ಕೆಯಲ್ಲಿ ನೀಲಿ, ಹೊಟ್ಟೆಯ ಕೆಳಗೆ ಕುಂಕುಮ ಬಳಿದುಕೊಂಡ ಮುಷ್ಟಿಗಾತ್ರದ ಹಕ್ಕಿ. ಚಳಿಗಾಲವನ್ನು ನಮ್ಮ ಕಡೆ ಕಳೆದು, ಬೇಸಿಗೆ ಮುಗಿಯುವ ಹೊತ್ತಿಗೆ ಮರಿ ಮಾಡಲು ಉತ್ತರಕ್ಕೆ ಹೊರಡುತ್ತದೆ. ರಾತ್ರಿ ಹಾರಿ, ಬೆಳಗಿನ ಜಾವ ಇಳಿಯಲು ಮರ ಹುಡುಕುತ್ತದೆ. ಗಾಜಿನೊಳಗೆ ಕಾಣುವ ಮರವೂ ಅದಕ್ಕೆ ಮರವೇ, ನೇರ ಹೋಗಿ ಬಡಿಯುತ್ತದೆ. ಈ ಮೇ ತಿಂಗಳಿಡೀ ಹಕ್ಕಿಪ್ರಿಯರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಬ್ಬವೋ ಹಬ್ಬ. ಬ್ರೂಕ್‌ಫೀಲ್ಡ್‌ನ ಬಾಲ್ಕನಿಯಲ್ಲಿ ನವರಂಗ, ಪೀಣ್ಯದ ಕಾರ್ಖಾನೆಯ ಶೆಡ್ಡಿನಲ್ಲಿ ನವರಂಗ, ಸರ್ಜಾಪುರದಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಪ್ರತಿ ಫೋಟೊದ ಕೆಳಗೂ 'ಅಪರೂಪದ ದರ್ಶನ' ಅಂತ ಒಕ್ಕಣೆ, ಜೊತೆಗೊಂದು ಕೆಂಪು ಹೃದಯ. ಪೊದೆಯೊಳಗೆ ಅಡಗುವ ಹಕ್ಕಿ ಲಿಫ್ಟಿನ ಬಾಗಿಲಲ್ಲಿ ರೆಕ್ಕೆ ಜೋತುಹಾಕಿಕೊಂಡು ಯಾಕೆ ಕೂತಿದೆ ಎಂದು ಒಬ್ಬರಾದರೂ ಕೇಳಬೇಡವೇ? ನನಗಂತೂ ನೋಡಿ ನೋಡಿ ತಲೆ ಚಿಟ್ಟು ಹಿಡಿದಿದೆ.

ಹಣಮಂತ ಹುನಗುಂದದ ಕಡೆಯವನು. ಮೊದಲು ಬೊಮ್ಮನಹಳ್ಳಿಯಲ್ಲಿ ಸಿಮೆಂಟು ಹೊತ್ತ, ಆಮೇಲೆ ಗಾಜು ಕೂರಿಸುವ ತಂಡ ಸೇರಿದ, ಈಗ ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತು ಅದೇ ಗಾಜನ್ನು ಒರೆಸುತ್ತಾನೆ. ಹೊತ್ತೇರಿದರೆ ಗೋಡೆ ಕಾದ ಹಂಚು. ಸೋಪಿನ ನೀರಿಗೆ ಬೆರಳ ಸಿಪ್ಪೆ ಸುಲಿದಿದೆ. ಹೆಂಡತಿ ಸುಮಂಗಲಾ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚುತ್ತಾಳೆ, ಬೆಳಗ್ಗೆ ಮತ್ತೆ ಅದೇ ಪಾಡು. "ಹೊರಗ ನಾ ತೂಗಾಡ್ತಿರ್ತೀನಿ, ಒಳಗಿನವ್ರು ಪರದೆ ಎಳಕೊಂತಾರ" ಎಂದು ನಗುತ್ತಾನೆ.

ಹಕ್ಕಿಯ ಹುಚ್ಚು ಅವನಿಗೆ ಎಳ್ಳಷ್ಟೂ ಇಲ್ಲ. ಮೊದಲ ಸಲ ಬಿದ್ದದ್ದನ್ನು ಎತ್ತಿ, ಪಾಪ ಬಾಯಾರಿರಬೇಕೆಂದು ಕೊಕ್ಕಿಗೆ ನೀರು ಸುರಿದಿದ್ದ. ಅದು ಅಂಗೈಯಲ್ಲೇ ಸತ್ತಿತು. ಹಾಗೆ ನೀರು ಬಿಡಬಾರದೆಂದು ಆಮೇಲೆ ಯಾರೋ ಹೇಳಿದರು. "ನಾ ಎಷ್ಟ ಚೊಲೊ ಒರಸ್ತೀನೋ ಅಷ್ಟ ಜಾಸ್ತಿ ಬೀಳ್ತಾವ್ರಿ. ಚೊಲೊ ಕೆಲಸ ಮಾಡಿದ್ದಕ್ಕ ಪಾಪ ಸುತ್ಕೊಂತೈತಿ. ಇದೆಂಥಾ ಕೆಲಸಾರಿ?"

ಇಲ್ಲಿ ತೋಟದ ಕೆಲಸಕ್ಕಿರುವ ಅಂಜನಮ್ಮ ಇದೇ ಊರಿನವರು. ಈ ಕಟ್ಟಡ ನಿಂತಿರುವ ಜಾಗದಲ್ಲಿ ಅವರ ಮನೆಯವರ ಹೊಲವಿತ್ತು. "ಇಲ್ಲೊಂದು ಒಂಗೆ ಮರದ ತೋಪಿತ್ತು ಕಣಪ್ಪ. ಅವು ಇಳ್ಕೊಳೋ ಜಾಗ ಇದು. ನಾವು ಜಾಗ ಬಿಟ್ವಿ, ಕಾಸು ಈಸ್ಕೊಂಡ್ವಿ. ಅವುಕ್ಕೆ ಯೋಳೋರು ಯಾರು?"

ಕಂಪನಿಯವರು ಸುಮ್ಮನೆ ಕೂತಿರಲಿಲ್ಲ, ಅದು ಇನ್ನೊಂದು ತಲೆನೋವು. ಹೋದ ವರ್ಷ ಪರಿಸರ ಸಮಿತಿ ಮಾಡಿ, ಕೇಕು ಕತ್ತರಿಸಿ, ಹಕ್ಕಿಗಳು ಹೆದರಲೆಂದು ಮಹಡಿಗೊಂದರಂತೆ ಗಿಡುಗನ ಸ್ಟಿಕ್ಕರ್ ಅಂಟಿಸಿದರು. ನವರಂಗಗಳು ಗಿಡುಗನ ಪಕ್ಕದಲ್ಲೇ ಬಂದು ಬಡಿದವು. ಸ್ಟಿಕ್ಕರಿನ ಅಂಟು ಕೆರೆದು ತೆಗೆಯುವ ಕೆಲಸ ಹಣಮಂತನ ಪಾಲಿಗೆ ಬಂತು.

ಈ ವರ್ಷ ಅವನು ಯಾರನ್ನೂ ಕೇಳಲಿಲ್ಲ. ಬಕೆಟ್ಟಿನಲ್ಲಿ ತೆಳ್ಳಗೆ ಸುಣ್ಣ ಕಲಸಿಕೊಂಡು, ಪೂರ್ವದ ಗೋಡೆಯಲ್ಲಿ ಮರದೆತ್ತರದವರೆಗೆ, ಒಂದು ಗಾಜೂ ಬಿಡದೆ ಕತ್ತರಿಯಾಕಾರದ ದೊಡ್ಡ ದೊಡ್ಡ ಕಾಟು ಎಳೆದಿದ್ದಾನೆ. ಮಳೆ ಬಂದು ತೊಳೆದರೆ ಮತ್ತೆ ಎಳೆಯುತ್ತಾನೆ. ಹೊಸ ಕಟ್ಟಡ ನೋಡಿದವರಿಗೆ ಈ ಗುರುತು ಗೊತ್ತು. "ಹೊಸಾ ಗಾಜ ಕೂರಿಸಿದ ಕೂಡ್ಲೆ ಸುಣ್ಣದ ಕಾಟ ಹೊಡೀತೀವ್ರಿ. ಇಲ್ಲಂದ್ರ ತಲಿ ಮ್ಯಾಲ ಬುಟ್ಟಿ ಹೊತ್ತವ್ರು ಬಯಲೈತಿ ಅಂತ ಬಂದ ಹಾಯ್ತಾರ. ಮನುಷ್ಯಾಗ ಹಾಕೂದು, ಹಕ್ಕಿಗಿ ಹಾಕಿದ್ರ ತಪ್ಪೇನ್ರಿ?"

ತಪ್ಪೆಂದು ಹೇಳಲು ಕಟ್ಟಡದ ಉಸ್ತುವಾರಿ ನೋಡಿಕೊಳ್ಳುವ ಶಿವಶಂಕರ್ ನಾನಿರುವಾಗಲೇ ಬರುತ್ತಾರೆ. ಇವತ್ತು ಶುಕ್ರವಾರ, ಸೋಮವಾರ ವಿದೇಶದ ಕ್ಲೈಂಟ್ ಬರುತ್ತಾರಂತೆ. "ಏನ್ ಗುರು ಇದು? ಬಿಲ್ಡಿಂಗ್ ಪಾಳು ಬಿದ್ದಂಗಿದೆ. ಇವತ್ತೇ ಕ್ಲೀನ್ ಮಾಡ್ಬಿಡು. ಇಲ್ಲಾಂದ್ರೆ ಏಜೆನ್ಸಿಗೆ ಹೇಳಿ ಬೇರೆಯವ್ರನ್ನ ಕರಿಸ್ಕೋತೀನಿ, ನೀನು ಮನೇಲಿರು."

ಹಣಮಂತ ಹಗ್ಗ ಕೆಳಗಿಡುತ್ತಾನೆ. "ಒರಸ್ತೀನ್ರಿ ಸರ. ಆದ್ರ ಸೋಮವಾರ ಮುಂಜಾನೆ ನೀವೂ ಬರ್ರಿ. ಕೆಳಗ ಬಿದ್ದದ್ದನ್ನ ಈ ಸಲ ನಾ ಎತ್ತಂಗಿಲ್ಲ. ನೀವ ಎತ್ರಿ."

ಶಿವಶಂಕರ್ ಅವರ ಕಣ್ಣು ಕುಂಡಗಳತ್ತ ಹೋಗುತ್ತದೆ. ಕಾರಣವನ್ನು ಅಂಜನಮ್ಮ ನನಗೆ ಆಮೇಲೆ ಹೇಳುತ್ತಾರೆ. ಹೋದ ವರ್ಷ ಇಂಥದೇ ಅತಿಥಿಗಳಿಗಾಗಿ ಗಾಜು ಫಳಫಳ ತೊಳೆಸಿದ್ದರು. ಅತಿಥಿಗಳು ಕಾರಿನಿಂದ ಇಳಿಯುತ್ತಿದ್ದಂತೆ ನವರಂಗವೊಂದು ಗಾಜಿಗೆ ಬಡಿದು, ಸ್ವಾಗತದ ರಂಗೋಲಿಯ ಮೇಲೆ ಬಿದ್ದು ಒದ್ದಾಡಿತು. ಶಿವಶಂಕರ್ ಅದನ್ನು ಬೂಟುಗಾಲಿನಿಂದ ಕುಂಡದ ಹಿಂದಕ್ಕೆ ತಳ್ಳಿದರು. ಆಮೇಲೆ ಒಬ್ಬರೇ ಬಂದು ಕುಂಡದ ಹಿಂದೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದರಂತೆ. ಕೆಟ್ಟ ಮನುಷ್ಯನೇನಲ್ಲ, ಅವರ ಮೇಲೂ ಒಬ್ಬ ಮೇಲಿನವನಿದ್ದಾನೆ ಅಷ್ಟೆ. ಇವತ್ತು "ಏನಾದ್ರೂ ಮಾಡ್ಕೋ" ಎಂದು ಸಿಡುಕಿ ಅವರು ಹೊರಟುಹೋಗುತ್ತಾರೆ. ಅದು ಒಪ್ಪಿಗೆಯೋ ಬೆದರಿಕೆಯೋ ಹಣಮಂತನಿಗೆ ತಿಳಿಯುವುದಿಲ್ಲ. ಸುಣ್ಣ ಮಾತ್ರ ಒರೆಸುವುದಿಲ್ಲ.

ಸೋಮವಾರ ಬೆಳಗ್ಗೆ ನಾನು ಮತ್ತೆ ಹೋಗುತ್ತೇನೆ. ಹಣಮಂತನ ಕೆಲಸ ಉಳಿದಿದೆಯೋ ಇಲ್ಲವೋ ಎಂಬ ಆತಂಕ ನನಗೇ ಹೆಚ್ಚು. ಕಾಟುಗಳು ಹಾಗೇ ಇವೆ. ಗೋಡೆಯ ಮುಂದೆ ಹಳದಿ ಹಗ್ಗ, ಅದಕ್ಕೆ ನೇತುಹಾಕಿದ ಬೋರ್ಡು: 'ಕೆಲಸ ನಡೆಯುತ್ತಿದೆ'. ನೇತುಹಾಕಿಸಿದವರು ಶಿವಶಂಕರ್. ನನ್ನನ್ನು ಕಂಡು ಫೋನಿನಲ್ಲಿ ಮಾತಾಡುವವರಂತೆ ಆಚೆ ತಿರುಗಿಕೊಳ್ಳುತ್ತಾರೆ.

ಹಣಮಂತ ಎಂದಿನಂತೆ ಕುಂಡಗಳ ಹಿಂದೆ ಹುಡುಕಿ ಬರಿಗೈಯಲ್ಲಿ ಬರುತ್ತಾನೆ. ಅಷ್ಟರಲ್ಲಿ ಅಂಜನಮ್ಮ ಬಾಯಿಗೆ ಬೆರಳಿಟ್ಟು ಕರೆಯುತ್ತಾರೆ. ಮಳೆಮರದ ಬುಡದಲ್ಲಿ ತರಗೆಲೆ ಸರಿಸುತ್ತಾ, ಗಿಡ್ಡ ಬಾಲ ಕುಣಿಸುತ್ತಾ ಒಂದು ನವರಂಗ ಕುಪ್ಪಳಿಸುತ್ತಿದೆ. ಹೀಗೆ ಓಡಾಡಿಕೊಂಡಿರುವುದನ್ನು ಹಣಮಂತ ನೋಡುತ್ತಿರುವುದು ಇದೇ ಮೊದಲಂತೆ. ನಮ್ಮ ಮೂವರಲ್ಲಿ ಯಾರೂ ಫೋನ್ ತೆಗೆಯುವುದಿಲ್ಲ. ಹಕ್ಕಿಪ್ರಿಯರ ಗುಂಪುಗಳಲ್ಲಿ 'ಈ ಸಲ ವೈಟ್‌ಫೀಲ್ಡ್‌ನಲ್ಲಿ ಕಡಿಮೆ' ಎಂದು ಬರೆದುಕೊಳ್ಳುತ್ತಾರೆ, ಬರೆದುಕೊಳ್ಳಲಿ.

ಏನಾಗಬೇಕು ನಿನಗೆ ಎಂದು ಕೇಳುತ್ತೇನೆ. ಮುಂಗಾರು ಹಿಡಿಯುವವರೆಗೆ ಸುಣ್ಣ ಇರಲಿ, ಅಷ್ಟರಲ್ಲಿ ಹಕ್ಕಿಗಳೆಲ್ಲ ದಾಟಿ ಹೋಗಿರುತ್ತವೆ, ಆಮೇಲೆ ತಾನೇ ಒರೆಸುತ್ತೇನೆ ಎನ್ನುತ್ತಾನೆ. ಹಲಗೆಯ ಮೇಲೆ ಕೂತು, ಹಗ್ಗ ಎಳೆದು ನೋಡಿ, ಒಮ್ಮೆ ಗೋಡೆಯತ್ತ ಕತ್ತೆತ್ತುತ್ತಾನೆ.

"ಇಷ್ಟ ವರ್ಷ ಚೊಕ್ಕ ಒರಸೀನ್ರಿ, ಒಬ್ರೂ ಗಾಜ ನೋಡ್ಲಿಲ್ಲ. ಅದರಾಚೆ ನೋಡ್ತಾರ. ಈ ಹೊಲಸ ಗಾಜ ಮಾತ್ರ ಎಲ್ಲಾರೂ ನೋಡ್ತಾರ. ಹಕ್ಕಿನೂ."