ಎಡಬದಿಯ ಬಾಗಿಲು

ಔಡಲೆಣ್ಣೆಯ ವಾಸನೆ ಯಾರಿಗಾದರೂ ಇಷ್ಟವಾಗುತ್ತದೆಯೇ? ನನಗೆ ಆಗುತ್ತದೆ. ಚಿಕ್ಕಂದಿನಲ್ಲಿ ಮೂಗು ಹಿಡಿದು ಕುಡಿಸಿಕೊಂಡವಳಾದರೂ ಆಗುತ್ತದೆ. ಹೋದ ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ, ವಿದ್ಯಾನಗರದ ನಮ್ಮ ಮನೆಯ ಶೆಡ್ಡಿನಲ್ಲಿ ನಿಂತಿದ್ದ ಅಪ್ಪನ ಅಂಬಾಸಿಡರ್ ಕಾರಿನ ಹೊದಿಕೆ ತೆಗೆದು ಮುಂದಿನ ಖಾನೆಯಲ್ಲಿ ಕೈಯಾಡಿಸಿದಾಗ ಒಂದು ತಗಡಿನ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ಒಳಗೆ ಎಣ್ಣೆ ಕುಡಿದು ಕರ್ರಗಾದ ಒಂದು ಅರಿವೆಯ ತುಂಡು. ಬಾಗಿಲಿನ ರಬ್ಬರು ಒಣಗಿ ಬಿರಿಯಬಾರದೆಂದು ಸವರುವ ಔಡಲೆಣ್ಣೆ ಅದು. ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹುಬ್ಬಳ್ಳಿಯಲ್ಲಿರಲಿಲ್ಲ. ಧಾರವಾಡದ ಸ್ಟೇಶನ್ ರಸ್ತೆಯಲ್ಲಿ, ಹುಣಸೆ ಮರದ ಕೆಳಗಿದ್ದ ಒಂದು ಗ್ಯಾರೇಜಿನಲ್ಲಿದ್ದೆ...

ಆ ಗ್ಯಾರೇಜಿನವರನ್ನು ಊರೆಲ್ಲ ಮಿಸ್ತ್ರಿ ಎನ್ನುತ್ತಿತ್ತು. ನಾನು ಮಿಸ್ತ್ರಿ ಕಾಕಾ ಎನ್ನುತ್ತಿದ್ದೆ.

ಹೊದಿಕೆ ತೆಗೆಯುವ ಪ್ರಸಂಗ ಬಂದದ್ದು ಒಂದು ಆನ್‌ಲೈನ್ ಬಳಗದಿಂದ. ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತಳಾಗಿ ಮನೆಯಲ್ಲಿ ಕೂತವಳಿಗೆ ಮೊಬೈಲು ಒಂದು ಚಟವಾಗಿತ್ತು. ಹಾಗೆ ನೋಡುತ್ತ ನೋಡುತ್ತ ಹಳೆಯ ಕಾರುಗಳ ಮಾಲೀಕರು, ಕಾರಿಲ್ಲದಿದ್ದರೂ ಕಾರಿನ ಹುಚ್ಚಿರುವವರು ಎಲ್ಲ ಸೇರಿಕೊಂಡ ಬಳಗವೊಂದು ಕಣ್ಣಿಗೆ ಬಿತ್ತು. ಸೇರಿದೆ. ಅಲ್ಲಿಯ ರೀತಿ ವಿಚಿತ್ರ. ಹೊಸಬರು ತಮ್ಮ ಪರಿಚಯ ಹೇಳುವ ಹಾಗಿಲ್ಲ, ಗಾಡಿಯ ಪರಿಚಯ ಹೇಳಬೇಕು. ಒಬ್ಬರು ಕೆಂಪು ಜೀಪು, ಇನ್ನೊಬ್ಬರು ಕಪ್ಪು ಕಾರಿನವರು. ನಾನು ಒಂದೇ ದಿನದಲ್ಲಿ ನೀಲಿ ಅಂಬಾಸಿಡರ್ ಮೇಡಂ ಆದೆ. ನಾಲ್ಕೂ ಬದಿಯ ಫೋಟೋ ಹಾಕಬೇಕು, ಒಂದು ಅರ್ಜಿ ತುಂಬಬೇಕು. ಗಾಡಿ ಕೊಂಡವರು ಯಾರು? ಅಪ್ಪ. ಈಗಿನ ಮಾಲೀಕರು? ನಾನು. ಗಾಡಿ ಕಾಪಾಡಿದವರು? ಸರಸರನೆ ಬರೆಯುತ್ತಿದ್ದ ಬೆರಳು ಅಲ್ಲಿ ನಿಂತಿತು. 'ಮಿಸ್ತ್ರಿ' ಎಂದು ಬರೆದು, ಪೂರ್ತಿ ಹೆಸರು ಆಮೇಲೆ ನೋಡೋಣ ಎಂದುಕೊಂಡು ಮುಂದೆ ಹೋದೆ.

ಮಿಸ್ತ್ರಿ ಕಾಕಾ ಯಾವ ಗಾಡಿಯನ್ನೂ ಬಂದ ಕೂಡಲೇ ಬಿಚ್ಚುತ್ತಿರಲಿಲ್ಲ. ಮೊದಲು ಒಳಗೆ ಕೂತು, ಎಂಜಿನ್ ಶುರು ಮಾಡಿ, ಕಣ್ಣು ಮುಚ್ಚುವರು. ಅಪ್ಪ ವಕೀಲರು, ಯಾವಾಗಲೂ ಅವಸರ. ಕೋಟಿನ ಗುಂಡಿ ಹಾಕುತ್ತ "ಏನಾಗೇತೋ ಮಿಸ್ತ್ರಿ?" ಎಂದು ಗದರಿದರೆ, ಕಣ್ಣು ತೆರೆಯದೆಯೇ "ತಡೀರಿ ಸಾಹೇಬ್ರ, ಅದು ಏನ್ ಹೇಳತೈತಿ ಕೇಳೂಣು" ಎನ್ನುವರು. ಅಪ್ಪನ ಎದುರು ಹಾಗೆ ತಡೀರಿ ಎನ್ನಬಲ್ಲ ಇನ್ನೊಬ್ಬ ಮನುಷ್ಯನನ್ನು ನಾನು ನೋಡಿಲ್ಲ.

ಬಿಚ್ಚಿದ ಭಾಗಗಳು ಅದಲು ಬದಲಾಗಬಾರದೆಂದು ಪ್ರತಿಯೊಂದಕ್ಕೂ ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದರು. ಅಪ್ಪನ ಗಾಡಿಯ ಭಾಗಗಳಿಗೆ ತಕ್ಕಡಿ. ಡಾಕ್ಟರ ಗಾಡಿಗೆ ಕೂಡಿಸುವ ಚಿಹ್ನೆ. ಕಾಳಿನ ವ್ಯಾಪಾರಿಗೆ ಜೋಳದ ತೆನೆ. ಗ್ಯಾರೇಜಿನ ಹಿಂದೆ, ಹುಣಸೆಯ ನೆರಳಿನಲ್ಲಿ, ಕಲ್ಲುಗಳ ಮೇಲೆ ನಿಂತಿದ್ದ ಒಂದು ಗಿಣಿಹಸಿರು ಅಂಬಾಸಿಡರ್ ಇತ್ತು. ಅದರ ಭಾಗಗಳಿಗೆ ಮಾತ್ರ ಸೀಮೆಸುಣ್ಣವಲ್ಲ, ಕೆಂಪು ಬಣ್ಣ. ಕುಂಚದಿಂದ ದಪ್ಪಗೆ ಒಂದೇ ಮಾತು: 'ನಂದು'. ಅದು ಅವರ ಸ್ವಂತದ ಗಾಡಿ. ಗುಜರಿಯಿಂದ ಇವತ್ತೊಂದು ಬಂಪರು, ಮುಂದಿನ ವರ್ಷ ಒಂದು ಬಾಗಿಲು, ಹೀಗೆ ಜೋಡಿಸುತ್ತ ಬಂದದ್ದು. ಮರೆತು ಬೇರೆ ಯಾರ ಗಾಡಿಗೂ ಜೋಡಿಸಬಾರದೆಂದು ಆ ಕೆಂಪು ಗುರುತು. ಗಾಲಿ ಇಲ್ಲ, ಎಂಜಿನ್ ಇಲ್ಲ, ಸ್ಟಿಯರಿಂಗ್ ಮಾತ್ರ ಗಿರಗಿರ ತಿರುಗುತ್ತಿತ್ತು.

ಆಗ ನನಗೆ ಎಂಟೋ ಒಂಬತ್ತೋ. ಸಾಲಿ ಬಿಟ್ಟ ಮೇಲೆ ಅಲ್ಲಿಗೆ ಓಡುತ್ತಿದ್ದೆ. ಹಸಿರು ಗಾಡಿಯ ಹಿಂದಿನ ಸೀಟಿನಲ್ಲಿ ನಾನು, ಸ್ಟಿಯರಿಂಗ್ ಹಿಡಿದು ಅವರು.

"ಎಲ್ಲಿಗ ಬಿಡ್ಲಿ ಅಕ್ಕಾರ?"

"ಹೆಬ್ಬಳ್ಳಿಗೆ!" ಎನ್ನುತ್ತಿದ್ದೆ. ಅಲ್ಲಿ ನಮ್ಮ ಅಜ್ಜಿ ಇದ್ದಳು. ಅವರು ಬಾಯಿಂದಲೇ ಎಂಜಿನ್ ಶಬ್ದ ಮಾಡುತ್ತ, ತಿರುವಿನಲ್ಲಿ ವಾಲುತ್ತ, ಅಡ್ಡ ಬಂದ ಎಮ್ಮೆಗೆ ಬೈಯುತ್ತ ನನ್ನನ್ನು ಕರೆದೊಯ್ಯುವರು. ಹುಣಸೆ ಎಲೆಗಳ ಸಣ್ಣ ಸಣ್ಣ ಬಿಸಿಲು ಗಾಜಿನ ಮೇಲೆ ಆಡುತ್ತಿತ್ತು, ಖರೇನೇ ರಸ್ತೆ ಹಿಂದೆ ಸರಿಯುತ್ತಿದೆ ಅನ್ನಿಸುತ್ತಿತ್ತು. ಎಷ್ಟೋ ಸಲ ಹೆಬ್ಬಳ್ಳಿ ಬರುವ ಮೊದಲೇ ನಿದ್ದೆ ಹೋಗಿರುತ್ತಿದ್ದೆ...

ಮುಂದಿನ ಎಡಗಡೆಯ ಸೀಟಿನಲ್ಲಿ ಮಾತ್ರ ಯಾರನ್ನೂ ಕೂಡಿಸುತ್ತಿರಲಿಲ್ಲ. ಹಟ ಮಾಡಿದರೆ, "ಅದು ನಮ್ಮಾಕೀ ಸೀಟ್ರಿ" ಎನ್ನುವರು. ಒಂದು ಮಧ್ಯಾಹ್ನ ಅವರ ಹೆಂಡತಿ ಬುತ್ತಿ ತಂದಾಗ ನಾನು ಅಲ್ಲೇ ಇದ್ದೆ. ಮಿಸ್ತ್ರಿ ಕಾಕಾ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ದೊಡ್ಡ ಸಾಹೇಬರ ಡ್ರೈವರನ ಹಾಗೆ ನೆಟ್ಟಗೆ ನಿಂತು ಎಡಗಡೆಯ ಬಾಗಿಲು ತೆರೆದು ಹಿಡಿದರು.

"ಅಯ್ಯ, ಮಂದಿ ನೋಡ್ತಾರ, ಸುಮ್ನಿರ್ರಿ" ಎಂದು ಆಕೆ ಸೆರಗು ಬಾಯಿಗೆ ಹಿಡಿದಳು. ಆದರೂ ಕೂತಳು. ಅವರು ಸುತ್ತು ಹಾಕಿ ಬಂದು ಸ್ಟಿಯರಿಂಗ್ ಹಿಡಿದರು. ಅವತ್ತು ಬಾಯಿಂದ ಯಾವ ಶಬ್ದವನ್ನೂ ಮಾಡಲಿಲ್ಲ. ಇಬ್ಬರೂ ಸುಮ್ಮನೆ ಎದುರಿನ ಕಾಂಪೌಂಡು ಗೋಡೆ ನೋಡುತ್ತ ಕೂತಿದ್ದರು. ಆಕೆ ಹೋದ ಮೇಲೆ ನಾನು ಕೇಳಿದೆ, ಎಲ್ಲಿಗೆ ಹೋಗಿದ್ರಿ ಎಂದು.

"ಕಾರವಾರಕ್ಕ. ಆಕಿ ಸಮುದ್ರ ನೋಡಿಲ್ರಿ. ಲಗ್ನಾದಾಗಿಂದ ಕೇಳಾಕತ್ತಾಳ. ಬಸ್ಸಿನ್ಯಾಗ ಹೋದ್ರ ಆಕೀಗೆ ತಲಿ ತಿರಗತೈತಿ. ಇದ ಗಾಡ್ಯಾಗ ಕರ್ಕೊಂಡ ಹೋಗ್ತೀನಿ."

ಇಷ್ಟೆಲ್ಲ ನೆನಪು ಒಂದು ಎಣ್ಣೆಯ ಡಬ್ಬಿಯಿಂದ. ನಾನು ಗಾಡಿ ಒರೆಸಿ, ಫೋಟೋ ತೆಗೆದು ಬಳಗಕ್ಕೆ ಹಾಕಿದೆ. ವಾಹ್ ವಾಹ್ ಎಂದು ಚಪ್ಪಾಳೆಯ ಚಿತ್ರಗಳು ಬಂದವು, ನಾನೂ ಉಬ್ಬಿದೆ. ಚಳಿಗಾಲದಲ್ಲಿ ಬಳಗದ ಗಾಡಿಗಳೆಲ್ಲ ಸಾಲಾಗಿ ಹುಬ್ಬಳ್ಳಿಯಿಂದ ಕಾರವಾರಕ್ಕೆ ಹೋಗುವುದೆಂದು ಮಾತಾಯಿತು. ಒಂದೂ ಭಾಗ ಬದಲಾಗದೆ ಮೂಲದಂತೆಯೇ ಇರುವ ಗಾಡಿಗಳು ಸಾಲಿನ ಮುಂದೆ, ಬೆರಕೆಯವು ಹಿಂದೆ. ಅಪ್ಪನ ಗಾಡಿ ಮುಂದೇ ಹೋಗಬೇಕೆಂದು ನನಗೆ ಹಟ ಹುಟ್ಟಿತು. ಬದುಕಿದ್ದ ತನಕ ಅಪ್ಪ ಎಲ್ಲಿಯೂ ಹಿಂದಿನ ಸಾಲಿನಲ್ಲಿ ಕೂತವರಲ್ಲ.

ಮರುದಿನ ಕಪ್ಪು ಕಾರಿನವರು ಬರೆದರು. ಅವರು ಮೈಸೂರು ಕಡೆಯ ಹಿರಿಯರು, ಬಳಗಕ್ಕೆಲ್ಲ ಅವರ ಮಾತೇ ಕೊನೆ. "ಮೇಡಂ, ನಿಮ್ಮ ಎಡಗಡೆ ಮುಂದಿನ ಬಾಗಿಲು ಈ ಗಾಡಿಯದಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಎಲ್ಲೋ ಮೈಸೂರಿನಲ್ಲಿ ಕೂತವರು ನಮ್ಮ ಮನೆಯ ಬಾಗಿಲಿನ ವಿಷಯ ನನಗೆ ಹೇಳುವುದೇ? "ನಮ್ಮ ಅಪ್ಪಾ ತಗೊಂಡಾಗಿಂದ ಇದ ಬಾಗಿಲ ಐತ್ರಿ" ಎಂದು ಧಾರವಾಡದ ಭಾಷೆಯಲ್ಲೇ ಝಾಡಿಸಿದೆ.

"ಸಿಟ್ಟಾಗಬೇಡಿ ಮೇಡಂ. ಮುಂದಿನ ಸಣ್ಣ ತ್ರಿಕೋನ ಗಾಜಿನ ಚಿಲಕ ನೋಡಿ. ಬಲಗಡೆಯದು ಒಂದು ಥರ, ಎಡಗಡೆಯದು ಅದಕ್ಕಿಂತ ಹಳೆಯ ಮಾಡೆಲಿನದು. ನಂಬಿಕೆ ಬರದಿದ್ದರೆ ಒಳಗಿನ ರೆಕ್ಸಿನ್ ಹಲಗೆ ಬಿಚ್ಚಿ ಬಣ್ಣ ನೋಡಿ. ಸರಿಯಾದ ಬಾಗಿಲು ನನ್ನ ಹತ್ತಿರ ಒಂದಿದೆ, ಕಳಿಸಿಕೊಡುತ್ತೇನೆ."

ಚಿಲಕ ನೋಡಿದೆ. ನಲವತ್ತು ವರ್ಷ ಕೈಯಾಡಿಸಿದ ಚಿಲಕಗಳು... ಹೌದು, ಬೇರೆ ಬೇರೆ ಇದ್ದವು. ಲೆಕ್ಕದ ಮಾಸ್ತರಿಣಿ ಎಂದು ಊರೆಲ್ಲ ಮೆರೆದವಳ ಕಣ್ಣಿಗೆ ಇದು ಬಿದ್ದಿರಲಿಲ್ಲ. ಆಗ ಆ ಮಧ್ಯಾಹ್ನ ನೆನಪಾಯಿತು.

ನನಗೆ ಹತ್ತೊಂಬತ್ತು. ಕಾಲೇಜು ಮೈದಾನದಲ್ಲಿ ನನಗೆ ಗಾಡಿ ಓಡಿಸಲು ಕಲಿಸಿದವರು ಮಿಸ್ತ್ರಿ ಕಾಕಾನೇ. ಲೈಸೆನ್ಸ್ ಬರುವ ತನಕ ಒಬ್ಬಳೇ ಗಾಡಿ ಮುಟ್ಟಬಾರದೆಂದು ಅಪ್ಪನ ಕಟ್ಟಪ್ಪಣೆ. ಮುಟ್ಟಿದರೆ ಮತ್ತೆ ಜನ್ಮದಲ್ಲಿ ಸ್ಟಿಯರಿಂಗ್ ಹಿಡಿಸುವುದಿಲ್ಲ ಎಂದಿದ್ದರು, ಅಪ್ಪ ಅಂದದ್ದನ್ನು ಮಾಡುವವರು. ಅವರು ಕೇಸಿನ ಮೇಲೆ ಬೆಂಗಳೂರಿಗೆ ಹೋಗಿದ್ದಾಗ ನಾನು ಗಾಡಿ ಹಿಂದಕ್ಕೆ ತೆಗೆದು ಗೇಟಿನ ಕಲ್ಲುಕಂಬಕ್ಕೆ ಬಡಿಸಿದೆ. ಎಡಬದಿಯ ಬಾಗಿಲು ಮಡಚಿದ ಚಪಾತಿಯಂತಾಯಿತು, ಗಾಜು ಪುಡಿಪುಡಿ. ಅವ್ವ ದೇವರ ಮನೆಗೆ ಓಡಿದಳು, ನಾನು ಗ್ಯಾರೇಜಿಗೆ ಓಡಿದೆ.

ಅವರು ಸೈಕಲ್ ಮೇಲೆ ಬಂದು ಬಾಗಿಲನ್ನು ಬೆರಳಿಂದ ತಟ್ಟಿ ನೋಡಿದರು.

"ಸಾಹೇಬ್ರು ಯಾವಾಗ ಬರ್ತಾರ್ರಿ?"

"ನಾಡದ ಸಂಜೀಕ. ಕಾಕಾ, ಬಡದು ಸರಿ ಮಾಡಾಕ ಬರತೈತೇನ್ರಿ?" ನಾನು ಅಳುತ್ತಿದ್ದೆ.

"ಮಾಡೂಣ ತಗೋರಿ. ಕಲಿಸಿದಾವ ನಾ ಅಲ್ಲೇನು? ಕಣ್ಣ ಒರಸ್ಕೋರಿ ಮೊದಲ."

ಮೂರನೆಯ ದಿನ ಮಧ್ಯಾಹ್ನ ಗಾಡಿ ಬಂತು. ಬಾಗಿಲಿನಲ್ಲಿ ಒಂದು ಗೀರೂ ಇಲ್ಲ. ಸಂಜೆ ಅಪ್ಪ ಸುತ್ತು ಹಾಕಿ ನೋಡಿ, "ಮಿಸ್ತ್ರಿ ಪಾಲಿಶ್ ಹಚ್ಯಾನೇನು?" ಎಂದು ಕೇಳಿ ಒಳಗೆ ಹೋದರು. ನನ್ನ ಜೀವ ಮರಳಿ ಬಂತು. ಮಿಸ್ತ್ರಿ ಕಾಕಾನ ಕೈ ಅಂದರೆ ಕೈ, ಎಂಥ ನೆಗ್ಗನ್ನೂ ಬಡಿದು ತೆಗೆಯುತ್ತದೆ ಎಂದು ಗೆಳತಿಯರ ಮುಂದೆ ಕೊಚ್ಚಿಕೊಂಡೆ. ಇಲ್ಲಿಯವರೆಗೂ ಹಾಗೆಯೇ ನಂಬಿದ್ದೆ.

ಸ್ಕ್ರೂಡ್ರೈವರ್ ತಂದು ಒಳಗಿನ ಹಲಗೆ ಬಿಚ್ಚಿದೆ. ಅದನ್ನು ಬಿಚ್ಚಲು ಕಲಿಸಿದವರೂ ಅವರೇ. ಹೊರಗೆ ನೀಲಿ ಬಾಗಿಲು. ಒಳಗೆ ಗಿಣಿಹಸಿರು. ನಡುವೆ, ನಲವತ್ತು ವರ್ಷ ಬೆಳಕು ಕಾಣದೆ ನಿನ್ನೆ ಬರೆದಂತೆ ಇದ್ದ ಕೆಂಪು ಅಕ್ಷರ: 'ನಂದು'.

ಮಿಸ್ತ್ರಿ ಕಾಕಾ ಅವತ್ತು ಯಾವ ನೆಗ್ಗನ್ನೂ ಬಡಿದು ತೆಗೆದಿರಲಿಲ್ಲ. ಹೆಂಡತಿಯ ಸೀಟಿನ ಬಾಗಿಲನ್ನು ಬಿಚ್ಚಿ ನನಗೆ ಕೊಟ್ಟಿದ್ದರು. ಆಮೇಲೆ ಒಂದು ತಿಂಗಳಿಗೋ ಏನೋ ಗ್ಯಾರೇಜಿಗೆ ಹೋದಾಗ ಹಸಿರು ಗಾಡಿಯ ಎಡಬದಿಗೆ ಗೋಣಿತಟ್ಟು ಇಳಿಬಿಟ್ಟದ್ದು ಕಂಡಿತ್ತು. "ಬಾಗಲಾ ಎಲ್ಲಿ ಹೋತ್ರಿ ಕಾಕಾ?" ಎಂದಿದ್ದೆ. "ಗಾಳಿ ಆಡ್ಲಿ ಅಂತ ತಗದೇನ್ರಿ" ಎಂದಿದ್ದರು. ಆಗ ನಾನು, ನನ್ನ ಬಾಯಿಗಿಷ್ಟು ಬೆಂಕಿ ಹಾಕ, ಹೊಟ್ಟೆ ಹಿಡಿದು ನಕ್ಕಿದ್ದೆ. "ಗೋಣಿತಟ್ಟಿನ ಗಾಡ್ಯಾಗ ಕಾಕೂನ್ನ ಕಾರವಾರಕ್ಕ ಒಯ್ತೀರೇನು?" ಎಂದು ಕೆಣಕಿದ್ದೆ. ಅವರೂ ನಕ್ಕರು. ನಕ್ಕು, ಬಗ್ಗಿ, ಮತ್ತೆ ಕೆಲಸಕ್ಕೆ ಹತ್ತಿದರು.

ನನ್ನ ಮದುವೆಯಾಗಿ ಹುಬ್ಬಳ್ಳಿಗೆ ಬಂದ ಮೇಲೆ ಒಂದು ವರ್ಷದೊಳಗೆ ಗ್ಯಾರೇಜು ಮುಚ್ಚಿತು. ಹಸಿರು ಗಾಡಿ ಒಂದು ಸಲವೂ ರಸ್ತೆಗಿಳಿಯದೆ ಗುಜರಿಗೆ ಹೋಯಿತಂತೆ. ಹುಣಸೆ ಮರವೂ ಹೋಯಿತು, ಅಲ್ಲೀಗ ಮೂರು ಅಂತಸ್ತಿನ ಕಟ್ಟಡ. ಮಿಸ್ತ್ರಿ ಉಪ್ಪಿನಬೆಟಗೇರಿಯಲ್ಲಿ ಮಗಳ ಮನೆಗೆ ಹೋದರು ಎಂದು ಯಾರೋ ಅಂದರು, ತೀರಿಕೊಂಡರು ಎಂದು ಆಮೇಲೆ ಇನ್ನಾರೋ ಅಂದರು. ಹೌದೇ ಎಂದು ಸುಮ್ಮನಾಗಿದ್ದೆ.

ಈಗ ಸುಮ್ಮನಿರಲು ಆಗಲಿಲ್ಲ. ಅರ್ಜಿಯಲ್ಲಿ ಪೂರ್ತಿ ಹೆಸರಾದರೂ ಬರೆಯಬೇಕೆಂದು ಹುಡುಕಲು ಹೊರಟೆ. ಅಪ್ಪನ ಡೈರಿಗಳನ್ನು ತಿರುವಿದೆ. 'ಇಂದು ಮಿಸ್ತ್ರಿ ಬಂದಿದ್ದ' ಎಂದಿತ್ತು, ಪ್ರತಿ ಸಲವೂ ಅಷ್ಟೇ. ಸ್ಟೇಶನ್ ರಸ್ತೆಯ ಹಳಬರನ್ನು ಕೇಳಿದೆ. ಓ, ಮಿಸ್ತ್ರಿ ಅಲ್ಲೇನ್ರಿ, ಭಾಳ ಛಲೋ ಮನಶಾ ಎಂದರು, ಹೆಸರು ಮಾತ್ರ ಯಾರಿಗೂ ಬರಲಿಲ್ಲ. ಉಪ್ಪಿನಬೆಟಗೇರಿಗೆ ಹೋದೆ. ಅಷ್ಟು ದೊಡ್ಡ ಊರಲ್ಲಿ ಯಾರ ಮನೆ ಎಂದು ಕೇಳಲಿ? ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿದು ಬಂದೆ. ಹತ್ತು ವರ್ಷ ಅವರ ಗಾಡಿಯಲ್ಲಿ ಕೂತು ಊರೂರು ತಿರುಗಿದವಳು ನಾನು. ನಿಮ್ಮ ಹೆಸರೇನು ಕಾಕಾ ಎಂದು ಒಂದು ದಿನವೂ ಕೇಳಲಿಲ್ಲ. ನಾಚಿಕೆಯಾಯಿತು, ಈಗಲೂ ಆಗುತ್ತದೆ.

ಕಪ್ಪು ಕಾರಿನವರಿಗೆ ಬರೆದೆ: "ನೀವು ಹೇಳಿದ್ದೇ ಸರಿ, ಬಾಗಿಲು ನಮ್ಮದಲ್ಲ. ಆದರೆ ಬದಲಿಸುವುದಿಲ್ಲ. ನನಗೆ ಹಿಂದಿನ ಸಾಲೇ ಇರಲಿ." ಅವರು ಒಂದು ನಮಸ್ಕಾರದ ಚಿತ್ರ ಕಳಿಸಿದರು.

ಮೊನ್ನೆ ಹೋಗಿ ಬಂದೆವು. ಮಂಜು ಕರಗುವ ಮುಂಚೆ ಹುಬ್ಬಳ್ಳಿ ಬಿಟ್ಟೆವು. ಅಪ್ಪನ ನೀಲಿ ಗಾಡಿ ಎಲ್ಲಕ್ಕಿಂತ ಹಿಂದೆ. ಹೊರಡುವ ಹಿಂದಿನ ದಿನ ನಾಲ್ಕೂ ಬಾಗಿಲಿಗೆ ಔಡಲೆಣ್ಣೆ ಸವರಿದ್ದೆ, ಅದರ ವಾಸನೆ ದಾರಿಯುದ್ದಕ್ಕೂ ನನ್ನ ಜೊತೆಗಿತ್ತು. ಕೆಂಪು ಜೀಪಿನವರ ಹೆಂಗಸರು ನಿಮ್ಮ ಜೊತೆ ಬರುತ್ತೇವೆ ಎಂದರೆ ಹಿಂದಿನ ಸೀಟಿನಲ್ಲಿ ಕೂಡಿಸಿದೆ. ಮುಂದೆ ಯಾಕೆ ಬೇಡ ಎಂದು ಅವರು ಕೇಳಿದರು. ನಾನು ಏನೋ ಒಂದು ಹೇಳಿದೆ. ಅರಬೈಲ್ ಘಟ್ಟ ಇಳಿಯುವಾಗ ಎಲೆಗಳ ನಡುವಿನ ಬಿಸಿಲು ಗಾಜಿನ ಮೇಲೆ ಆಡತೊಡಗಿತು, ತಿರುವಿಗೊಮ್ಮೆ ನಾನೂ ವಾಲುತ್ತಿದ್ದೆ...

ಕಾರವಾರದಲ್ಲಿ ಎಲ್ಲರೂ ಗಾಡಿಗಳ ಮುಖವನ್ನು ರಸ್ತೆಗೆ ಮಾಡಿ ಸಾಲಾಗಿ ನಿಲ್ಲಿಸಿದರು, ಜನ ಬಂದು ನೋಡಲೆಂದು. ನಾನು ನನ್ನದನ್ನು ಅಡ್ಡಡ್ಡ ನಿಲ್ಲಿಸಿದೆ, ಎಡಬದಿ ಸಮುದ್ರಕ್ಕೆ ಬರುವಂತೆ. ಹಿಂದಿನ ಸೀಟಿನ ಹೆಂಗಸರು ಇಳಿದು ನೀರಿನ ಕಡೆ ಓಡಿದರು. ನಾನು ಇಳಿದು, ಸುತ್ತು ಹಾಕಿ ಬಂದು, ಕೈಯನ್ನು ಸೀರೆಗೆ ಒರೆಸಿಕೊಂಡು, ಎಡಗಡೆಯ ಬಾಗಿಲು ತೆರೆದು ಹಿಡಿದೆ.

ಇಳಿಯುವವರು ಯಾರೂ ಇರಲಿಲ್ಲ.